ಮೇಲಕ್ಕೆ ಕಟ್ಟಿದ ಬಾವಿ

ಹೋದ ತಿಂಗಳು ಚನ್ನಗಿರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಒಂದು ಹಳೆಯ ಗೋಡೆಯ ರಿಪೇರಿ ನಡೆದಿತ್ತು. ಸಿಮೆಂಟ್ ಬಿಟ್ಟು ಸುಣ್ಣದ ಗಾರೆ ಅರೆಯುತ್ತಿದ್ದರು. ಬೆಲ್ಲದ ನೀರು, ನೆನೆಸಿದ ಅಳಲೆಕಾಯಿಯ ಒಗರು, ಹಸಿ ಸುಣ್ಣ ಸೇರಿ ಏಳುವ ಆ ವಾಸನೆ ಮೂಗಿಗೆ ಬಡಿಯಿತು. ನಾನು ಹತ್ತಬೇಕಿದ್ದ ಬಸ್ಸು ನನ್ನೆದುರೇ ಬಂದು ನಿಂತು ಹೊರಟುಹೋಯಿತು. ನಾನು ಆಗ ಹೊನ್ನಾಳಿ ಸೀಮೆಯ ಒಂದು ಬೇಸಿಗೆಯಲ್ಲಿದ್ದೆ.

ವಾಸನೆ ನೆನಪನ್ನು ಕರೆತರುತ್ತದೆ ಎನ್ನುತ್ತಾರೆ. ಅದು ತರುವುದು ನೆನಪನ್ನೋ, ನಾವು ಆಮೇಲೆ ಅದಕ್ಕೆ ಹಚ್ಚಿದ ಬಣ್ಣವನ್ನೋ ನನಗೆ ಖಾತ್ರಿಯಿಲ್ಲ. ಮನೆಗೆ ಬಂದು ಆ ವರ್ಷದ ಡೈರಿ ತೆಗೆದು ನೋಡಿದೆ. ಹೆಚ್ಚಿನ ಪುಟಗಳಲ್ಲಿ ‘ಬಿಸಿಲು’ ಎಂದಷ್ಟೇ ಇದೆ. ಒಂದು ಕಡೆ ‘ಬಾವಿ ಇವತ್ತೂ ಅಲುಗಲಿಲ್ಲ’ ಎಂದಿದೆ. ಬರೆದವಳಿಗೆ ಅಷ್ಟು ಸಾಕಾಗಿತ್ತು, ಓದುವವಳಿಗೆ ಸಾಲದು. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ನಾನು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳಲು ನೋಡುತ್ತೇನೆ.

ಆಗ ನಾನು ಎಂ.ಎ. ಮುಗಿಸಿ ಹೊನ್ನಾಳಿಯ ಕಾಲೇಜೊಂದರಲ್ಲಿ ಇತಿಹಾಸದ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಊರಲ್ಲಿ ಕೋಣೆ ಸಿಗದೆ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಗಿರಿಜಮ್ಮ ಎಂಬವರ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಹೋದೆ. ಗಿರಿಜಮ್ಮನಿಗೆ ಆಗಲೇ ಎಪ್ಪತ್ತರ ಹತ್ತಿರ. ಯಾವ ಊರು ಎಂದು ಕೇಳಿದರು. ಜಗಳೂರು ತಾಲ್ಲೂಕು ಎಂದೆ.

"ಹಂಗಾದ್ರೆ ನಮ್ಮಪ್ಪನ ಸೀಮೆಯೋಳು ನೀನು. ನೀರಿನ ಬೆಲೆ ಗೊತ್ತಿರ್ತೈತೆ. ಮೊದ್ಲು ಕುಂದ್ರು, ನೀರು ಕುಡಿ, ಆಮ್ಯಾಕೆ ಕೋಣೆ ನೋಡುವಂತೆ."

ಅವರ ಅಪ್ಪ ಕರಿಬಸಪ್ಪನವರು ಬ್ರಿಟಿಷರ ಕಾಲದಲ್ಲಿ ರೈಲ್ವೆ ಇಂಜಿನಿಯರ್ ಆಗಿದ್ದವರು. ನಡುಮನೆಯಲ್ಲಿ ಒಂದು ಫೋಟೋ ಇತ್ತು. ಕುರ್ಚಿಗಳಲ್ಲಿ ಸಾಲಾಗಿ ಬಿಳಿ ಅಧಿಕಾರಿಗಳು, ಹಿಂದೆ ನಿಂತವರ ಸಾಲಿನ ತೀರಾ ಅಂಚಿನಲ್ಲಿ ರುಮಾಲು ಸುತ್ತಿ ಕೋಟು ತೊಟ್ಟ ಒಬ್ಬ ತೆಳ್ಳನೆಯ ಮನುಷ್ಯ. ಫೋಟೋದ ಕಟ್ಟು ಅವರ ಅರ್ಧ ತೋಳನ್ನು ನುಂಗಿತ್ತು.

"ತುದೀಗೆ ನಿಂತೋರು ನಮ್ಮಪ್ಪ" ಎಂದರು ಗಿರಿಜಮ್ಮ. "ಮುಂದೆ ಕುಂತೋರಿಗೆ ಬಾವಿ ಇಳ್ಸಾಕೆ ಬರ್ತಿರ್ಲಿಲ್ಲ."

ರೈಲಿಗೂ ಬಾವಿಗೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಅದನ್ನು ಅವರು ಅಡಿಗೆಮನೆಯ ನೆಲದ ಮೇಲೆ ರಾಗಿಹಿಟ್ಟು ಹರವಿ, ಅದರ ಮೇಲೆ ಒಂದು ತಳವಿಲ್ಲದ ಡಬ್ಬಿ ಇಟ್ಟು ತೋರಿಸಿದರು. ದೊಡ್ಡ ಹೊಳೆಗಳಲ್ಲಿ ಸೇತುವೆಯ ಕಂಬ ನಿಲ್ಲಿಸಲು ಗುಂಡಿ ತೋಡುವಂತಿಲ್ಲ, ತೋಡಿದಷ್ಟೂ ಮರಳು ಜಾರಿ ತುಂಬಿಕೊಳ್ಳುತ್ತದೆ. ಅದಕ್ಕೆ ಮರಳಿನ ಮೇಲೆ ಮೊದಲು ಒಂದು ದೊಡ್ಡ ಬಳೆ ಇಡುತ್ತಾರೆ. ಬಳೆಯ ಕೆಳಗಿನ ಅಂಚಿಗೆ ಕೊಡಲಿಯ ಬಾಯಿಯಂಥ ಹರಿತವಾದ ಕಬ್ಬಿಣ. ಬಳೆಯ ಮೇಲೆ ಇಟ್ಟಿಗೆಯ ಗೋಡೆಯನ್ನು ದುಂಡಗೆ, ಆಳೆತ್ತರಕ್ಕೂ ಮೇಲೆ ಎಬ್ಬಿಸುತ್ತಾರೆ. ಆಮೇಲೆ ಜನ ಒಳಗಿಳಿದು ನಡುವಿನ ಮರಳು ತೆಗೆಯುತ್ತಾ ಹೋದರೆ, ಇಡೀ ಗೋಡೆ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಇಳಿದಷ್ಟೂ ಮೇಲೆ ಮತ್ತೆ ಕಟ್ಟುತ್ತಾರೆ. ಗಟ್ಟಿ ನೆಲ ಸಿಕ್ಕ ಮೇಲೆ ಒಳಗೆ ಕಾಂಕ್ರೀಟು ತುಂಬಿ, ಅದರ ಮೇಲೆ ಕಂಬ. ಗಿರಿಜಮ್ಮ ಬೆರಳಿಂದ ಡಬ್ಬಿಯೊಳಗಿನ ಹಿಟ್ಟು ತೆಗೆದಂತೆ ಡಬ್ಬಿ ಸದ್ದಿಲ್ಲದೆ ಹಿಟ್ಟಿನೊಳಗೆ ಇಳಿಯಿತು. ಎಷ್ಟೋ ಸಲ ರೈಲಿನಲ್ಲಿ ಹೊಳೆ ದಾಟಿದ್ದೆ. ಕೆಳಗೆ, ನೀರಿಗೂ ಕೆಳಗೆ, ಇಂಥ ಬಾವಿಗಳು ಸಾಲಾಗಿ ನನ್ನನ್ನು ಹೊತ್ತು ನಿಂತಿದ್ದವು ಎಂಬುದು ಆ ದಿನವೇ ತಿಳಿದದ್ದು.

ಕರಿಬಸಪ್ಪನವರ ಬದುಕೆಲ್ಲ ಈ ಕೆಲಸದಲ್ಲಿ ಕಳೆಯಿತು. ಹೊಳೆಯೇ ಇಲ್ಲದ ಜಗಳೂರಿನ ಬಯಲಲ್ಲಿ, ತಾಯಿ ಅರ್ಧ ದಿನ ನಡೆದು ನೀರು ತರುತ್ತಿದ್ದ ಮನೆಯಲ್ಲಿ ಹುಟ್ಟಿದವರು. ಪುಣೆಯಲ್ಲಿ ಓದಿ, ಓವರ್ಸಿಯರ್ ಆಗಿ ಸೇರಿ, ಇಂಜಿನಿಯರ್ ಆಗಿ, ಕೃಷ್ಣೆ, ಗೋದಾವರಿ, ಆಚೆ ಬರ್ಮಾದ ಹೊಳೆಗಳ ತನಕ ಹೋಗಿ ಬಂದರು. ಸೇತುವೆ ಮುಗಿದು ಮೊದಲ ರೈಲು ಓಡುವ ದಿನಕ್ಕೆ ಅವರಿಗೆ ಮುಂದಿನ ಹೊಳೆಗೆ ವರ್ಗ ಆಗಿರುತ್ತಿತ್ತಂತೆ. ಕಲ್ಲಿನ ಫಲಕಗಳಲ್ಲಿ ಬೇರೆಯವರ ಹೆಸರು. ರಿಟೈರ್ ಆಗಿ ಹೆಂಡತಿಯ ಊರಾದ ಈ ಹೊಳೆದಂಡೆಗೆ ಬಂದರು. ಇಲ್ಲಿಯ ಜನ ಹೊಳೆ ನೀರನ್ನೇ ಕುಡಿಯುತ್ತಿದ್ದರು, ಮಳೆಗಾಲ ಬಂತೆಂದರೆ ವಾಂತಿಭೇದಿ. ಬಾವಿ ತೋಡಿದವರಿದ್ದರು, ತೋಡಿದ್ದೆಲ್ಲ ಮರಳು ಕುಸಿದು ಮುಚ್ಚಿತ್ತು. ಆಗ ಕರಿಬಸಪ್ಪನವರು ಊರ ಮುಂದೆ ಬಾವಿಯನ್ನು ಮೇಲಕ್ಕೆ ಕಟ್ಟತೊಡಗಿದರು.

ಈ ಭಾಗ ನಾನು ಕೇಳಿದ್ದು. ಊರಲ್ಲಿ ಎಲ್ಲರ ಬಾಯಲ್ಲೂ ಇತ್ತು, ಎಲ್ಲರೂ ನಗುನಗುತ್ತಾ ಹೇಳುತ್ತಿದ್ದರು. ಇಟ್ಟಿಗೆಯ ದುಂಡು ಗೋಪುರ ಏಳುತ್ತಿರುವುದನ್ನು ನೋಡಿ ಜನ ಗುಡಿ ಎಂದುಕೊಂಡರು. ಯಾರೋ ವಿಭೂತಿ ಬಳಿದರು, ಯಾರೋ ಮಾವಿನ ತೋರಣ ಕಟ್ಟಿದರು, ನ್ಯಾಮತಿ ಸಂತೆಗೆ ಹೋಗುವವರು ನಿಂತು ಕಾಯಿ ಒಡೆದು ಹೋಗತೊಡಗಿದರು. ಯಾವ ದೇವರು ಎಂದು ಕೇಳಿದರೆ ಕರಿಬಸಪ್ಪನವರು "ಇನ್ನೂ ಬಂದಿಲ್ಲ" ಎನ್ನುತ್ತಿದ್ದರಂತೆ. ಒಂದು ದಿನ ಗುಡಿ ನೆಲಕ್ಕೆ ಇಳಿಯತೊಡಗಿದಾಗ ಕಾಯಿ ಒಡೆದವರೇ ಮೊದಲು ಓಡಿದರು.

ಅರ್ಧ ಇಳಿದು ಗೋಡೆ ಸಿಕ್ಕಿಕೊಂಡಿತು. ಸುತ್ತಲಿನ ಮರಳು ಬಿಗಿಯಾಗಿ ಹಿಡಿದಿತ್ತು. ರೈಲ್ವೆಯಲ್ಲಾದರೆ ಹಳೆಯ ಕಂಬಿಗಳನ್ನು ಮೇಲೆ ಪೇರಿಸಿ ಭಾರ ಕೊಡುತ್ತಿದ್ದರು. ಇಲ್ಲಿ ಕಂಬಿ ಎಲ್ಲಿಂದ ಬರಬೇಕು. ಕರಿಬಸಪ್ಪನವರು ಗೋಡೆಯ ಮೇಲೆ ಹಲಗೆ ಹಾಸಿ, ಊರವರೆಲ್ಲ ಬಂದು ಕೂರಬೇಕೆಂದು ಡಂಗುರ ಹೊಡೆಸಿದರು. ಊರವರಷ್ಟೇ ಸಾಲಲಿಲ್ಲ. ಬಾವಿಯ ಹತ್ತಿರ ಬರಲು ಬಿಡದಿದ್ದ ಕೇರಿಯ ಜನರನ್ನೂ ಕರೆದು ಕೂರಿಸಿದರು. ಬಾವಿ ಇಳಿಯಿತು, ನೀರು ಬಂತು. ಕೇರಿಯವರು ಮುಟ್ಟಿದ ಬಾವಿಯನ್ನು ಶುದ್ಧ ಮಾಡಬೇಕೆಂದು ಕೆಲವರು ಎದ್ದರು. ಅವರು ಕೂತ ಇಟ್ಟಿಗೆ ಈಗ ನೆಲದೊಳಗೆ ನೀರಲ್ಲಿದೆ, ತೆಗೆದುಕೊಟ್ಟರೆ ನಾನೇ ತೊಳೆಯುತ್ತೇನೆ ಎಂದರಂತೆ ಕರಿಬಸಪ್ಪನವರು. ಜಗಳ ಬಹುಕಾಲ ನಡೆಯಿತು. ಕೊನೆಗೆ ಕೇರಿಗೂ ಒಂದು ರಾಟೆ ಬಂತು. ಕರಿಬಸಪ್ಪನವರು ಅದನ್ನೆಲ್ಲ ಮೊದಲೇ ಯೋಚಿಸಿ ಕೂರಿಸಿದ್ದರೋ, ಬರೀ ಭಾರಕ್ಕಾಗಿ ಕೂರಿಸಿದ್ದರೋ ಗಿರಿಜಮ್ಮನೂ ಹೇಳಲಿಲ್ಲ. ನಾನು ಊಹಿಸುವುದಿಲ್ಲ.

ನಾನು ಆ ಊರಿಗೆ ಹೋದ ವರ್ಷವೇ ಆ ಬಾವಿ ಬತ್ತಿತು. ಹೊಳೆಯ ಮರಳು ವರ್ಷಗಟ್ಟಲೆ ಲಾರಿಗಳಲ್ಲಿ ಹೋಗಿ ಪಾತ್ರ ತಗ್ಗಿತ್ತು, ಅದರೊಂದಿಗೆ ದಂಡೆಯ ನೀರೂ ಕೆಳಗಿಳಿದಿತ್ತು. ಕೊಳವೆಬಾವಿಯ ನೀರು ಬಾಯಿಗಿಟ್ಟರೆ ಉಪ್ಪು. ಶಿವರಾತ್ರಿ ಕಳೆದ ಮೇಲೆ ಗಿರಿಜಮ್ಮನ ತಂಗಿಯ ಮಗ ಶೇಖರಪ್ಪ ಮನೆಗೆ ಬಂದ. ಅವನು ಪಂಚಾಯ್ತಿ ಮೆಂಬರು. ಬಾವಿಯನ್ನು ಮುಚ್ಚಿ ಅಲ್ಲಿ ಬಸ್ಸಿನ ತಂಗುದಾಣ ಮಾಡುವುದೆಂದು ಮಾತಾಗಿತ್ತು.

"ಆಡು ಬಿದ್ದು ಸತ್ತೋತು ದೊಡ್ಡಮ್ಮ. ನಾಳೆ ಮನುಷ್ಯರು ಬಿದ್ರೆ ಯಾರ್ನ ಕೇಳಾದು?"

"ಬತ್ತಿದ್ದು ಬಾವಿ ಅಲ್ಲ ಕಣೋ, ನೀರು ಕೆಳಗೋಗೈತೆ. ಬಾವೀನೂ ಕೆಳಗೆ ಕಳಿಸಾನ."

"ಬಾವಿ ಏನು ಶಿವಮೊಗ್ಗ ಬಸ್ಸಾ, ಹತ್ತಿಸಿ ಕಳಿಸಾಕೆ?"

ಗಿರಿಜಮ್ಮ ನಗಲಿಲ್ಲ. ಮೇಲೆ ಮತ್ತೆ ಗೋಡೆ ಕಟ್ಟಿ, ಒಳಗೆ ಮರಳು ತೆಗೆದರೆ ಅಪ್ಪನ ಬಾವಿ ಇನ್ನೂ ಆಳಕ್ಕೆ ಇಳಿಯುತ್ತದೆ, ಮಳೆ ಹಿಡಿಯುವ ತನಕ ಸಮಯ ಕೊಡು ಎಂದರು. ಆಗ ಶೇಖರಪ್ಪ ಒಂದು ಪ್ರಶ್ನೆ ಎತ್ತಿದ.

"ಕೆಳಗೆ ಕಬ್ಬಿಣ ಐತಾ? ನಮ್ಮವ್ವ ಹೇಳ್ತಿದ್ಲು, ಯುದ್ಧದ ಕಾಲ, ಕಬ್ಬಿಣ ಸಿಗ್ಲಿಲ್ಲ, ಬರೀ ಮರದ ಬಳೆ ಹಾಕಿದ್ರು ಅಂತ. ಮರ ಆಗಿದ್ರೆ ಇಷ್ಟೊತ್ತಿಗೆ ಕೊಳೆತು ಲಡ್ಡಾಗಿರ್ತೈತೆ. ಅಲುಗಾಡಿಸಿದ್ರೆ ಗೋಡೆ ಸೀಳ್ತೈತೆ. ತಾತನ ಬಾವೀನ ನೀನೇ ಒಡೆದಂಗಾಗ್ತೈತೆ ನೋಡು."

"ನಿಮ್ಮವ್ವ ಆಗಿನ್ನೂ ತೊಟ್ಲಾಗಿದ್ಲು. ನಾ ಕಣ್ಣಾರೆ ಕಂಡೀನಿ. ಚನ್ನಗಿರಿ ಕಮ್ಮಾರರು ಗಾಡಿ ಮೇಲೆ ತಂದಿಳಿಸಿದ್ರು. ಬಿಸ್ಲಿಗೆ ಕಾದಿತ್ತು, ನಾ ಅದ್ರ ಮೇಲೆ ಓಡಾಡಿ ಕಾಲು ಸುಟ್ಕಂಡಿದ್ದೆ."

ಆಗ ಅವರಿಗೆ ಏಳು ವರ್ಷವಂತೆ. ಶೇಖರಪ್ಪ ಹೋದ ಮೇಲೆ ಗಿರಿಜಮ್ಮ ನನ್ನ ಕಡೆ ತಿರುಗಿದರು. "ನೀ ಓದಿದೋಳು. ನಿಂಗೇನನ್ಸುತ್ತೆ ತಂಗಿ?"

ಏಳು ವರ್ಷದ ಮಗುವಿನ ನೆನಪು ಅರವತ್ತು ವರ್ಷ ಕಳೆದ ಮೇಲೆ ಸಾಕ್ಷಿಯಾಗದು ಎಂದು ನನ್ನ ಓದು ಹೇಳುತ್ತಿತ್ತು. ಮನೆಯಲ್ಲಿ ಮತ್ತೆ ಮತ್ತೆ ಕೇಳಿದ ಕಥೆ ಕಣ್ಣಾರೆ ಕಂಡದ್ದಾಗಿ ಕೂರುತ್ತದೆ. ಅದನ್ನು ಮೆತ್ತಗೆ ಹೇಳಿ, ಒಳಗಿಳಿದು ಗೋಡೆಯ ಬುಡದಲ್ಲಿ ಒಂದು ಕಡೆ ಅಗೆದು ನೋಡಿದರೆ ತಿಳಿಯುವುದಲ್ಲ ಎಂದೆ.

"ಅದೊಂದು ಮಾಡಾಂಗಿಲ್ಲ" ಎಂದರು. ಒಂದು ಬದಿ ಬುಡದ ಮರಳು ತೆಗೆದರೆ ಬಾವಿ ಆ ಬದಿಗೆ ವಾಲುತ್ತದೆ. ವಾಲಿದ ಬಾವಿಯನ್ನು ನೆಟ್ಟಗೆ ಮಾಡಲು ರೈಲ್ವೆಯವರಿಗೇ ಒಂದು ಬೇಸಿಗೆ ಹಿಡಿಯುತ್ತಿತ್ತು. ಅಗೆಯುವುದಾದರೆ ನಟ್ಟನಡುವೆ ಅಗೆಯಬೇಕು, ಗೋಡೆ ತಾನಾಗಿ ಬರಬೇಕು. ಕಬ್ಬಿಣ ಇದೆಯೋ ಇಲ್ಲವೋ ನೋಡಲು ಹೋದರೆ ಬಾವಿ ಹಾಳು. ನಂಬಿ ಇಳಿಸಬೇಕು, ಇಲ್ಲ ಮುಚ್ಚಬೇಕು. ಇತಿಹಾಸ ಓದಿದವಳಿಗೆ ಇಂಥ ಆಯ್ಕೆ ಎಲ್ಲೂ ಎದುರಾಗಿರಲಿಲ್ಲ.

ಒಳಗಿಳಿಯಲು ಒಪ್ಪಿದವನು ಕೇರಿಯ ಹನುಮಂತಪ್ಪ. ಹೊಳೆಯಲ್ಲಿ ಮರಳೆತ್ತಿ ರೂಢಿಯಿದ್ದವನು, ನಡುವಯಸ್ಸು, ಮಾತು ಹೆಚ್ಚು.

"ನಮ್ಮಜ್ಜ ಕುಂತ ಇಟ್ಟಿಗೆ ಒಳಗೈತೆ ಅಮ್ಮಾರೆ. ಅದ್ನ ಒಂದ್ಸಲ ಮಾತಾಡ್ಸಿ ಬರ್ತೀನಿ. ಆದ್ರೆ ಗ್ವಾಡೆ ಅಲುಗೋವಾಗ ನಾ ಒಳಗಿರಲ್ಲ, ಈಗ್ಲೇ ಹೇಳೀನಿ."

"ಇರಾಕೆ ನಾನೂ ಬಿಡಲ್ಲ" ಎಂದರು ಗಿರಿಜಮ್ಮ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಕೆಲಸ ಹಿಡಿದರು. ಸಿಮೆಂಟ್ ಬೇಡ, ಅದು ಅಲುಗಿದರೆ ಬಿರಿಯುತ್ತದೆ ಎಂದು ಗಿರಿಜಮ್ಮ ಹಟ ಹಿಡಿದು ಸುಣ್ಣ ತರಿಸಿದರು. ಮನೆಯ ಅಂಗಳದಲ್ಲೇ ಗಾರೆ ಅರೆದದ್ದು. ನನ್ನ ಪಾಠದ ಪುಸ್ತಕಗಳು, ಸೀರೆಗಳು, ರೊಟ್ಟಿ ಎಲ್ಲಕ್ಕೂ ಆ ವಾಸನೆ ಹಿಡಿಯಿತು. ಹಳೆಯ ಗೋಡೆಯ ಮೇಲೆ ಹೊಸ ಇಟ್ಟಿಗೆಯ ದುಂಡುಗೋಡೆ ಎದ್ದಿತು. ಗೋಡೆಯ ಹೊರಗೆ ಸುತ್ತಲೂ ಮೊಣಕಾಲುದ್ದ ಚರಂಡಿ ತೋಡಿ ಅದಕ್ಕೆ ನೀರು ಸುರಿಯಬೇಕಿತ್ತು, ಮರಳಿನ ಹಿಡಿತ ಸಡಿಲಾಗಲು. ಹೆಂಗಸರು ಹೊಳೆಯ ಉಳಿದ ಮಡುವಿನಿಂದ ಕೊಡಗಳಲ್ಲಿ ಹೊತ್ತು ತಂದರು.

"ಕುಡಿಯಾಕೆ ನೀರಿಲ್ಲ, ನಮ್ಮ ದೊಡ್ಡಮ್ಮ ಬಾವಿಗೆ ಸ್ನಾನ ಮಾಡಿಸ್ತೈತೆ" ಎಂದು ಶೇಖರಪ್ಪ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳಿದ.

ಆ ಚರಂಡಿ ತೋಡುವಾಗ ಒಂದು ಸಂಗತಿ ಆಯಿತು. ಹೊರಮೈಯ ಮಣ್ಣು ಜಾರಿ ಹಳೆಯ ಗೋಡೆ ಕಂಡಿತು. ಬಾವಿಯ ಒಳಮೈ ಇಟ್ಟಿಗೆಗಳ ಒರಟು ಸಾಲು. ಹೊರಮೈಗೆ, ನೆಲದೊಳಗೆ ಹೂತು ಯಾರ ಕಣ್ಣಿಗೂ ಬೀಳದ ಬದಿಗೆ, ಗಾರೆ ಬಳಿದು ನುಣ್ಣಗೆ ತೀಡಿದ್ದರು. ಅಂಗೈ ಇಟ್ಟೆ. ಹಿತ್ತಾಳೆಯ ಬಿಂದಿಗೆಯನ್ನು ಸವರಿದಂತಿತ್ತು. ಮರಳಿನಲ್ಲಿ ಜಾರಿ ಇಳಿಯಲೆಂದು ಹಾಗೆ ಮಾಡಿದ್ದು. ಅಪ್ಪ ದಿನಗಟ್ಟಲೆ ಕೂತು ಹೊರಮೈ ತಿಕ್ಕುತ್ತಿದ್ದರು ಎಂದು ಗಿರಿಜಮ್ಮ ಮೊದಲೇ ಹೇಳಿದ್ದರು, ನಾನು ಅದನ್ನು ಮಗಳ ಅಭಿಮಾನ ಎಂದುಕೊಂಡಿದ್ದೆ. ಎಷ್ಟೋ ಹೊಳೆಗಳ ತಳದಲ್ಲಿ ಇಂಥ ನುಣುಪು ಮೈಗಳು ಮಣ್ಣಿಗೆ ಬೆನ್ನು ಕೊಟ್ಟು ನಿಂತಿವೆ ಎಂದು ಯೋಚಿಸುತ್ತಾ ಅಂಗೈಯನ್ನು ಅಲ್ಲೇ ಇಟ್ಟುಕೊಂಡಿದ್ದೆ. ಅವರ ನೆನಪನ್ನು ಅನುಮಾನಿಸುವುದು ನಾನು ಬಿಡಲಿಲ್ಲ. ಆದರೆ ಆ ದಿನದಿಂದ ನಾನೂ ಕೊಡ ಹೊತ್ತೆ.

ಗಾರೆ ಒಣಗಲು ಬಿಟ್ಟು, ಯುಗಾದಿ ಕಳೆದು, ಹನುಮಂತಪ್ಪ ಒಳಗಿಳಿದು ನಡುವಿನ ಮರಳು ತೆಗೆಯತೊಡಗಿದ. ಬುಟ್ಟಿಗಳು ರಾಟೆಯಲ್ಲಿ ಮೇಲೆ ಬಂದವು. ಮರಳಿನ ದಿಬ್ಬ ಬೆಳೆಯಿತು. ಗೋಡೆ ಮಾತ್ರ ಅಲುಗಲಿಲ್ಲ. ಚೀಲಗಳಲ್ಲಿ ಮರಳು ತುಂಬಿ ಗೋಡೆಯ ಮೇಲೆ ಪೇರಿಸಿದರು. ಅಲುಗಲಿಲ್ಲ. ಒಳಗಿನ ಗುಳಿ ಆಳವಾದಷ್ಟೂ ಅಪಾಯ ಹೆಚ್ಚುತ್ತಿತ್ತು. ಹನುಮಂತಪ್ಪ ಒಂದು ಮಧ್ಯಾಹ್ನ ಮೇಲೆ ಬಂದು ಕೈ ತೊಳೆದುಕೊಂಡು, "ಇನ್ನ ಇಳಿಯಲ್ಲ ಅಮ್ಮಾರೆ. ಗ್ವಾಡೆ ನನ್ನೇ ನೋಡ್ತಿದ್ದಂಗೈತೆ" ಎಂದ.

ಪಶ್ಚಿಮದಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು. ಮೊದಲ ದೊಡ್ಡ ಮಳೆಗೆ ಗುಳಿಯೊಳಗೆ ಮರಳು ಜರಿದರೆ ಬೇಸಿಗೆಯ ಕೆಲಸವೆಲ್ಲ ನೀರುಪಾಲು, ಪಂಚಾಯ್ತಿ ಮಣ್ಣು ಹಾಕುವುದು ಖಚಿತ. ಗಿರಿಜಮ್ಮ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದರು. ಗೋಡೆಯ ಮೇಲೆ ಚೀಲಗಳಡಿ ಹಾಸಿದ್ದ ಹಲಗೆಯ ಅಂಚಿನಲ್ಲಿ ಹೋಗಿ ಕೂತುಬಿಟ್ಟರು.

"ಇಳಿಯೇ ದೊಡ್ಡಮ್ಮ" ಎಂದ ಶೇಖರಪ್ಪ. ಅವನ ಧ್ವನಿಯಲ್ಲಿ ಕುಚೋದ್ಯ ಇರಲಿಲ್ಲ. "ಮರದ ಬಳೆ ಆಗಿದ್ರೆ ಗ್ವಾಡೆ ಸೀಳಿ ಒಳಗೋಗ್ತೀಯ."

"ಕಬ್ಬಿಣ ಐತೆ. ಬರೋರು ಬರ್ರಿ. ಬರಲ್ಲ ಅನ್ನೋರು ಅಲ್ಲೇ ನಿಂತು ಬಸ್ಸಿಗೆ ಕಾಯ್ರಿ."

ಮೊದಲು ಎದ್ದವನು ಹನುಮಂತಪ್ಪ. ಅವನು ಗಿರಿಜಮ್ಮನ ಎದುರು ಬದಿಗೆ ಹೋಗಿ ಕೂತ. ಅವನ ಹಿಂದೆ ಅವನ ಹೆಂಡತಿ, ಕೇರಿಯ ನಾಲ್ಕಾರು ಜನ. ಊರ ಗುಡಿಯ ಅಯ್ಯನೋರು ಶಲ್ಯ ಕೊಡವಿ ಹತ್ತಿದರು. ಹಾಲಿನ ಡೈರಿಯವರು, ಮಸೀದಿಯ ಓಣಿಯ ಹೆಂಗಸರು, ನನ್ನ ಇಬ್ಬರು ವಿದ್ಯಾರ್ಥಿನಿಯರು ಹತ್ತಿದರು. ಕೊನೆಗೆ ಶೇಖರಪ್ಪನೇ ಕೆಳಗೆ ನಿಂತು ಹೊಂದಿಸತೊಡಗಿದ.

"ಏ, ದಪ್ಪನೋರೆಲ್ಲ ಒಂದೇ ಕಡೆ ಕುಂದರಬ್ಯಾಡ್ರಿ, ಬಾವಿ ಹೊಳೆ ಕಡೆ ಹೊಂಟೋಗ್ತೈತೆ. ಅಯ್ಯನೋರೇ, ನೀವು ಇತ್ತ ಸರೀರಿ. ಫಾತಿಮಕ್ಕ, ನಿನ್ನ ಎದುರಿಗೆ ಇಬ್ರು ಬೇಕು."

"ನೀನೊಬ್ನೇ ಹತ್ತಿದ್ರೆ ಸಾಕು ಬಾರಪ್ಪ ಮೆಂಬರೇ" ಎಂದಳು ಆಕೆ. ಎಲ್ಲರೂ ನಕ್ಕರು. ಅವನೂ ಹತ್ತಿದ.

ಇಲ್ಲಿ ನನ್ನ ನೆನಪು ಎರಡಾಗಿ ಒಡೆಯುತ್ತದೆ. ದುಂಡು ಗೋಡೆಯ ಮೇಲೆ ಊರೆಲ್ಲ ಕಾಲು ಇಳಿಬಿಟ್ಟು ಕೂತದ್ದನ್ನು ನಾನು ದೂರದಿಂದ, ಪೂರ್ತಿಯಾಗಿ ಕಂಡಿದ್ದೇನೆ. ಗೋಡೆ ಇಳಿದಾಗ ಬೆನ್ನುಮೂಳೆಯಲ್ಲಿ ಎದ್ದ ನಡುಕವೂ ನನ್ನಲ್ಲಿದೆ. ನಿಂತು ನೋಡಿದವಳು ಆ ನಡುಕ ಅನುಭವಿಸಿರಲಾರಳು, ಕೂತವಳು ಆ ಇಡೀ ನೋಟ ಕಂಡಿರಲಾರಳು. ಡೈರಿಯಲ್ಲಿ ‘ಇಳಿಯಿತು’ ಎಂಬ ಒಂದೇ ಮಾತಿದೆ. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ನನಗೆ ಗೊತ್ತಿಲ್ಲ, ಎರಡನ್ನೂ ಬಿಟ್ಟುಕೊಡಲು ಮನಸ್ಸಿಲ್ಲ.

ಮೊದಲು ಏನೂ ಆಗಲಿಲ್ಲ. ಮಾತು, ನಗೆ, ಯಾರೋ ಎಲೆಅಡಿಕೆ ಹಂಚಿದರು. ಆಮೇಲೆ ನೆಲದೊಳಗಿಂದ ಒಂದು ಸದ್ದು ಬಂತು, ಬೀಸುಕಲ್ಲು ತಿರುಗಿದಂಥದ್ದು. ಎಲ್ಲರೂ ಒಟ್ಟಿಗೇ ಸುಮ್ಮನಾದರು. ಹೊರಗಿನ ಚರಂಡಿಯ ನೀರು ಗುಳುಗುಳು ಎಂದು ಮಾಯವಾಯಿತು. ಮತ್ತೆ ಒಂದು ಗಳಿಗೆ ಸ್ತಬ್ಧ. ಇದ್ದಕ್ಕಿದ್ದಂತೆ ಎದುರಿನ ಬೇವಿನ ಮರ ಮೇಲಕ್ಕೆ ಹೋಯಿತು. ಬಸ್ಸು ನಿಲ್ಲುವ ಜಾಗ, ಗುಡಿಯ ಕಳಸ, ಮನೆಗಳ ಮಾಳಿಗೆ ಎಲ್ಲವೂ ನಿಧಾನವಾಗಿ, ಒಂದೇ ಸಮನೆ ಮೇಲೆದ್ದವು. ಒಬ್ಬರೂ ಕಿರುಚಲಿಲ್ಲ. ಅಯ್ಯನೋರು ಕಣ್ಣು ಮುಚ್ಚಿದ್ದರು. ಮೊಳದಷ್ಟು ಇಳಿದು ನಿಂತಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ಹೊರಟಿತು. ನೂರಾರು ಮಣ ಇಟ್ಟಿಗೆ, ಅದರ ಮೇಲೊಂದು ಊರು, ಎಲ್ಲೂ ವಾಲದೆ ಭೂಮಿಯೊಳಗೆ ಇಳಿಯುತ್ತಿತ್ತು. ಅಂಗಾಲು ನೆಲಕ್ಕೆ ತಾಗಿದ ಮೇಲೂ ಜನ ಎದ್ದೇಳಲಿಲ್ಲ.

ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಒಳಗೆ ಮರಳು ತೇವಗೊಂಡು ಹೊಳೆಯತೊಡಗಿತ್ತು. ಮರುದಿನ ಬೆಳಿಗ್ಗೆ ಹನುಮಂತಪ್ಪ ಇಳಿದಾಗ ಮೊಣಕಾಲಿಗೆ ನೀರು ಬಂದಿತ್ತು. ಶೇಖರಪ್ಪ ಮೇಲಿನಿಂದ ಬಗ್ಗಿ ಕೂಗಿದ.

"ಕಬ್ಬಿಣ ಐತೇನೋ?"

"ಎಲ್ಲಿ ನೋಡ್ಲಿ ಸ್ವಾಮಿ? ಬುಡ ಇನ್ನೂ ಆಳಕ್ಕೋತು. ಇನ್ನ ನನ್ನ ಕೈಗೆ ಸಿಗಾದಲ್ಲ" ಎಂದ ಹನುಮಂತಪ್ಪ. ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು, "ಸಿಹಿ ಐತೆ" ಎಂದ.

ಆ ಸಂಜೆ ಗಿರಿಜಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಹೊಸ ನೀರಿನ ಚೊಂಬು. ನಾನು ಅವರನ್ನು ಅಭಿನಂದಿಸುವ ಧಾಟಿಯಲ್ಲಿ, ನಿಮ್ಮ ನೆನಪು ಗೆದ್ದಿತು, ನನ್ನ ಅನುಮಾನ ಸೋತಿತು ಎಂದೆ. ಅವರು ಚೊಂಬನ್ನು ನನ್ನ ಕಡೆ ಸರಿಸಿದರು.

"ನಿಂಗೊಬ್ಳಿಗೆ ಹೇಳ್ತೀನಿ ತಂಗಿ. ಕಬ್ಬಿಣದ ಬಳೆ ನಾ ನೋಡಿದ್ನೋ, ಅಪ್ಪ ಹೇಳಿದ್ದು ಕೇಳಿ ಕೇಳಿ ನೋಡ್ದಂಗಾತೋ, ನಂಗೂ ಗೊತ್ತಿಲ್ಲ. ಮ್ಯಾಲೆ ಹತ್ತಿ ಕುಂತಾಗ್ಲೂ ಗೊತ್ತಿರ್ಲಿಲ್ಲ."

"ಮತ್ತೆ ಐತೆ ಅಂತ ಹೇಳಿದ್ರಲ್ಲ?"

"ಮೊದ್ಲು ನಾ ಒಬ್ಳೇ ಕುಂತು ನೋಡ್ದೆ. ಸೀಳೋದಿದ್ರೆ ನನ್ನ ಭಾರಕ್ಕೇ ಒಂಚೂರು ಮಿಸುಕ್ತಿತ್ತು, ಸದ್ದು ಬರ್ತಿತ್ತು ಅಂದ್ಕಂಡೆ. ಬರ್ಲಿಲ್ಲ. ಆಮ್ಯಾಕೆ ನಾಲ್ಕು ಜನ ಬಂದ್ರು, ಆಗ್ಲೂ ಕಿವಿಗೊಟ್ಟು ಕೇಳ್ದೆ. ನಮ್ಮಪ್ಪ ಯಾರಿಗೂ ಕಾಣದ ಕಡೇನೂ ಅಷ್ಟು ನುಣ್ಣಗೆ ತೀಡ್ಯಾರೆ. ಕಬ್ಬಿಣ ಸಿಗ್ಲಿಲ್ಲ ಅಂದಿದ್ರೆ ಕಟ್ಟೋದನ್ನೇ ನಿಲ್ಸಿರ್ತಿದ್ರು. ಅಷ್ಟೇ ನಂಗೆ ಗೊತ್ತಿದ್ದಿದ್ದು."

ಬಾವಿಯ ಕಡೆಯಿಂದ ಎರಡು ರಾಟೆಗಳ ಸದ್ದು ಕೇಳುತ್ತಿತ್ತು, ಜನ ಕೊಡಗಳೊಂದಿಗೆ ಸಾಲು ನಿಂತಿದ್ದರು. ಚೊಂಬೆತ್ತಿ ಕುಡಿದೆ. ನೀರಿನಲ್ಲಿ ಇನ್ನೂ ಸಣ್ಣ ಮರಳಿತ್ತು. ಹಲ್ಲಿಗೆ ಸಿಕ್ಕಿತು. ಉಗುಳದೆ ನುಂಗಿದೆ.